ಒಂದು ಗೇಣು, ಎರಡು ಬೆರಳು

ಕುದುರೆ ಕಂಡರೆ ಕಾಲುನೋವು ಎಂದು ಸೋಮಾರಿಗಳನ್ನು ಹಂಗಿಸುವುದುಂಟು. ಯಾಂಜ್ಮಾಳಿಗೆ ಮಾತ್ರ ಅದು ಬರೀ ಗಾದೆಯಾಗಿರಲಿಲ್ಲ. ಐದು ವರ್ಷದವಳಿದ್ದಾಗ ಓಡುವ ಕುದುರೆಯಿಂದ ಬಿದ್ದಳು, ಬಲಗಾಲು ಪಾದ ಊರುವ ರಿಕಾಪಿನ ಬಳೆಯಲ್ಲಿ ಸಿಕ್ಕಿಕೊಂಡಿತು, ಕುದುರೆ ಅವಳನ್ನು ಹೊಳೆಯ ದಂಡೆಯವರೆಗೂ ಎಳೆದುಕೊಂಡು ಹೋಯಿತು. ಮುರಿದ ಕಾಲು ಕೂಡಿಕೊಂಡಿತು ನಿಜ, ಆದರೆ ಇನ್ನೊಂದಕ್ಕಿಂತ ನಾಲ್ಕು ಬೆರಳು ಗಿಡ್ಡವಾಯಿತು. ಅವಳಪ್ಪ ಚೋಯ್ಜಿಲ್ ಅವತ್ತೇ ಆಣೆ ಇಟ್ಟ, "ಇವಳು ಇನ್ನು ಕುದುರೆ ಹತ್ತೋದಾದ್ರೆ ನನ್ನ ಹೆಣದ ಮೇಲೆ." ಮಾತು ಕೊಟ್ಟರೆ ತಪ್ಪುವ ಮನುಷ್ಯನಲ್ಲ ಅವನು. ಹಾಗಾಗಿ ನಲವತ್ತೇಳು ತುಂಬಿದರೂ ಯಾಂಜ್ಮಾ ಎಲ್ಲಿಗೆ ಹೋಗುವುದಿದ್ದರೂ ಚಮರೀಮೃಗ ಹೂಡಿದ ಗಾಡಿಯಲ್ಲೇ ಹೋಗಬೇಕಿತ್ತು. ಹಂಗಾಯ್ ಬೆಟ್ಟಗಳ ಕಡೆ ಕುದುರೆ ಹತ್ತದವರು ಎಂದರೆ ಒಂದೋ ತೊಟ್ಟಿಲ ಕೂಸು, ಇಲ್ಲವೇ ಸಾಯಲು ಮಲಗಿದ ಮುದುಕರು. ಇವೆರಡೂ ಅಲ್ಲದವಳು ಇವಳೊಬ್ಬಳೇ.

ಸೋಜಿಗವೆಂದರೆ ಇವಳು ಜೀನಗಾರನ ಮಗಳು. ಸುತ್ತಲಿನ ನಾಲ್ಕು ಕಣಿವೆಗಳಲ್ಲಿ ಚೋಯ್ಜಿಲ್ ಮಾಡಿದ ಜೀನು ಹೊರದ ಕುದುರೆಯೇ ಇರಲಿಲ್ಲ. ಅವನ ಹೆಸರನ್ನು ಯಾರೂ ಹಿಡಿಯುತ್ತಿರಲಿಲ್ಲ, ಎಲ್ಲರ ಬಾಯಲ್ಲೂ 'ಜೀನಗಾರ' ಅಷ್ಟೆ. ಸವಾರಿ ತಪ್ಪಿದ ಮಗಳಿಗೆ ಅವನು ಉಳಿ ಕೊಟ್ಟ. ಭೂರ್ಜದ ಮರವನ್ನು ಮೂರು ವರ್ಷ ನೆರಳಲ್ಲಿ ಒಣಗಿಸುವುದು, ಮುಂದೆ ಹಿಂದೆ ಎತ್ತರದ ಕಮಾನು ಕೆತ್ತುವುದು, ಹಸಿ ತೊಗಲಿನಲ್ಲಿ ಬಿಗಿದು ಹೊಲಿಯುವುದು, ಬೆಳ್ಳಿಯ ಗುಬ್ಬಿ ಹೊಡೆಯುವುದು ಎಲ್ಲವನ್ನೂ ಕಲಿಸಿದ. ಒಂದು ಕೆಲಸವನ್ನು ಮಾತ್ರ ಕೊನೆಯವರೆಗೂ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದ. ರಿಕಾಪಿನ ಪಟ್ಟಿ ಇಳಿಬಿಡುವ ತೂತುಗಳನ್ನು ಅವನೇ ಕೊರೆಯುತ್ತಿದ್ದ. "ಅದೇನು ಮಹಾ, ಮುಂದಿನ ಕಮಾನಿಂದ ಒಂದು ಗೇಣು," ಎನ್ನುತ್ತಿದ್ದನೇ ಹೊರತು ಬೈರಿಗೆ ಬಿಟ್ಟುಕೊಡುತ್ತಿರಲಿಲ್ಲ. ಆಮೇಲೆ ಹೊಸ ಜೀನನ್ನು ಕುದುರೆಗೆ ಬಿಗಿದು, ತಾನೇ ಹತ್ತಿ, ಕೊಂಡವನ ಗುಡಾರದವರೆಗೆ ಸವಾರಿ ಮಾಡಿಕೊಂಡು ಹೋಗಿ ಕೊಟ್ಟು ಬರುತ್ತಿದ್ದ. ಜೀನನ್ನು ಗಾಡಿಯಲ್ಲಿ ಹಾಕಿ ಕಳಿಸುವುದು ಅವನ ಪಾಲಿಗೆ ಮದುಮಗಳನ್ನು ಮೂಟೆ ಕಟ್ಟಿ ಕಳಿಸಿದ ಹಾಗೆ.

ಎರಡು ಚಳಿಗಾಲದ ಹಿಂದೆ ಚೋಯ್ಜಿಲ್ ತೀರಿಕೊಂಡ. ಅಂದಿನಿಂದ ಯಾಂಜ್ಮಾ ಒಬ್ಬಳೇ ನಾಲ್ಕು ಜೀನು ಮಾಡಿದ್ದಳು. ನಾಲ್ಕೂ ಗಾಡಿಯಲ್ಲೇ ಹೋದವು.

ಬೇಸಿಗೆ ಮುಗಿಯುತ್ತಿದ್ದ ಒಂದು ಮಧ್ಯಾಹ್ನ, ನೆರೆಯ ಐದಾರು ಮಂದಿ ಯಾಂಜ್ಮಾಳ ಗುಡಾರದ ಮುಂದೆ ಕುದುರೆಹಾಲಿನ ಹುಳಿಗಳ್ಳು ಕುಡಿಯುತ್ತ ಕೂತಿದ್ದಾಗ, ಗೊಂಚಿಗಜ್ಜ ಬಂದ. ಮುನ್ನೂರು ಕುದುರೆಗಳ ಒಡೆಯ, ಎಪ್ಪತ್ತು ದಾಟಿದವನು, ನಾಲಗೆಗೆ ಮೂಳೆಯಿಲ್ಲದವನು. ನಾಲ್ಕನೆಯ ಜೀನು ಕೊಂಡಿದ್ದವನು ಅವನೇ. ಅದನ್ನು ಜೊತೆಗೆ ತಂದಿದ್ದ ಇನ್ನೊಂದು ಕುದುರೆಯಿಂದ ಬಿಚ್ಚಿ, ಎರಡೂ ಕೈಯಲ್ಲಿ ಹೊತ್ತು ತಂದು, ಬಾಗಿಲ ಬಳಿ ಮೆಲ್ಲಗೆ ಇಳಿಸಿದ. ಎಸೆದಿದ್ದರೆ ಯಾಂಜ್ಮಾ ಜಗಳ ತೆಗೆಯಬಹುದಿತ್ತು.

"ನಿಮ್ಮಪ್ಪನ ಜೀನು ನನ್ನನ್ನ ಎತ್ತಿ ಹಿಡಿಯೋದು ಮಗಳೇ. ನಿಂದು ಹಿಂದಕ್ಕೆ ಎಳೀತದೆ. ಕುದುರೆ ಸೊಂಟದ ಮೇಲೆ ಕೂದಲು ಉದುರಿ ಹುಣ್ಣಾಗಿದೆ, ಬೇಕಾದ್ರೆ ಬಂದು ನೋಡು."

"ಎಲ್ಲಿ ತಪ್ಪಿದೆ ಹೇಳಿ ಅಜ್ಜ, ತಿದ್ದಿಕೊಡ್ತೀನಿ."

"ಹೊಟ್ಟೆ ನೋಯ್ತದೆ ಅಂತ ಹೇಳೋದು ನನ್ನ ಕೆಲಸ. ಮದ್ದು ಅರೆಯೋದು ನಿನ್ನ ಕೆಲಸ. ಅಲ್ಲವ್ವ, ಇದರ ಮೇಲೆ ಒಂದು ಸಲನಾದ್ರೂ ಕೂತು ನೋಡಿದೀಯಾ?"

"ಯಾಕೆ ನೋಡಿಲ್ಲ? ಆ ದಿಮ್ಮಿ ಮೇಲೆ ಇಟ್ಟು ದಿನಾ ಕೂತು ನೋಡ್ತೀನಿ."

"ದಿಮ್ಮಿ!" ಗೊಂಚಿಗಜ್ಜ ಸುತ್ತಲಿನವರ ಮುಖ ನೋಡಿದ. "ನಿನ್ನ ದಿಮ್ಮಿ ಓಡ್ತದೇನವ್ವ?"

ಎಲ್ಲರೂ ನಕ್ಕರು. ಯಾಂಜ್ಮಾಳ ತಮ್ಮನ ಹೆಂಡತಿ ಹೋರ್ಲೋ ಕೂಡ ನಕ್ಕಳು, ಆಮೇಲೆ ಬಾಯಿಗೆ ಸೆರಗಿಲ್ಲದ್ದಕ್ಕೆ ಬಟ್ಟಲು ಅಡ್ಡ ಹಿಡಿದಳು.

"ನಗಬೇಡಿ, ನೀವೂ ಕಳ್ಳರೇ," ಎಂದ ಅಜ್ಜ. "ಇವಳು ಮಾಡಿದ ಇನ್ನೂ ಮೂರು ಜೀನು ಇವೆಯಲ್ಲ, ಯಾರಾದ್ರೂ ಅದರ ಮೇಲೆ ಸವಾರಿ ಮಾಡಿದ್ದು ಕಂಡಿದೀರಾ? ಒಂದು ಗುಡಾರದೊಳಗೆ ತೂಗುಹಾಕಿದೆ, ಒಂದರ ಕೆಳಗೆ ಕುರಿಮರಿ ಮಲಗ್ತದೆ. ಮುಖದಾಕ್ಷಿಣ್ಯಕ್ಕೆ ಬಾಯಿ ಮುಚ್ಚಿಕೊಂಡಿದೀರಿ. ನನಗೆ ದಾಕ್ಷಿಣ್ಯ ಇಲ್ಲ. ನೋಡು ಮಗಳೇ, ನನ್ನ ಹಳೇ ಜೀನು ಬಿರುಕು ಬಿಟ್ಟಿದೆ. ಮೊದಲ ಹಿಮ ಬೀಳೋವರೆಗೂ ಕಾಯ್ತೀನಿ. ಆಮೇಲೆ ಬೆಟ್ಟದಾಚೆ ಜೀನಗಾರನ ಹತ್ರ ಹೋಗ್ತೀನಿ. ನಾನು ಹೋದ್ರೆ ಇವರೆಲ್ಲ ನನ್ನ ಹಿಂದೆ ಬರ್ತಾರೆ. ನಿಮ್ಮಪ್ಪನ ಉಳಿ ಅವನ ಜೊತೇನೇ ಹೋಯ್ತು ಅಂದ್ಕೋತೀವಿ."

ಮೂರು ಜೀನಿನ ಸಂಗತಿ ಯಾಂಜ್ಮಾಳಿಗೆ ಗೊತ್ತಿರಲಿಲ್ಲ. ಬೈಗುಳ ತಡೆದುಕೊಳ್ಳಬಹುದು, ಕನಿಕರ ತಡೆದುಕೊಳ್ಳುವುದು ಕಷ್ಟ. ಎಲ್ಲರೂ ಹೋದ ಮೇಲೆ ಅವಳು ಜೀನನ್ನು ಮಗುಚಿ, ತಿರುವಿ, ತಟ್ಟಿ, ಹೊಲಿಗೆ ಹೊಲಿಗೆ ಎಣಿಸಿ ನೋಡಿದಳು. ಮರ ಸರಿ, ಕಮಾನು ಸರಿ, ತೊಗಲು ಸರಿ. ಮುಂದಿನ ಕಮಾನಿಂದ ತೂತಿಗೆ ಕೈ ಚಾಚಿ ಅಳೆದಳು. ಸರಿಯಾಗಿ ಒಂದು ಗೇಣು. ದಿಮ್ಮಿಯ ಮೇಲಿಟ್ಟು ಕೂತಳು. ಸಿಂಹಾಸನದ ಹಾಗಿತ್ತು.

ಮಾರನೇ ದಿನ ಹೋರ್ಲೋ ಕುದುರೆಗಳ ಹಾಲು ಕರೆಯುತ್ತಿದ್ದಾಗ ಯಾಂಜ್ಮಾ ಕುಂಟುತ್ತ ಹೋಗಿ ಎದುರಿಗೆ ನಿಂತಳು.

"ನನಗೆ ಕುದುರೆ ಸವಾರಿ ಕಲಿಸು."

ಹೋರ್ಲೋ ಕರೆಯುವುದನ್ನು ನಿಲ್ಲಿಸಿದಳು. "ಕಲಿಸು ಅಂದ್ರೆ?"

"ಅಂದ್ರೆ ಹೆಂಗೆ ಹತ್ತೋದು, ಹೆಂಗೆ ಹೋಗೋದು."

"ಅಕ್ಕ, ಅದನ್ನ ಯಾರಾದ್ರೂ ಕಲಿಸ್ತಾರಾ? ಹತ್ತೋದು, ಹೋಗೋದು. ನಿನಗೆ ಉಸಿರಾಡೋದು ಯಾರು ಕಲಿಸಿದ್ರು?"

ಹೋರ್ಲೋ ಹೇಳಿದ್ದು ಕೊಬ್ಬಿನ ಮಾತಲ್ಲ. ಆ ಕಣಿವೆಯಲ್ಲಿ ಸವಾರಿ ಕಲಿತ ನೆನಪು ಯಾರಿಗೂ ಇರಲಿಲ್ಲ, ನಡೆಯಲು ಕಲಿತ ನೆನಪು ಹೇಗೆ ಇರುವುದಿಲ್ಲವೋ ಹಾಗೆ. ನಲವತ್ತೇಳರ ಹೆಂಗಸಿಗೆ ಕಲಿಸಿದ ಮೇಷ್ಟ್ರಂತೂ ಹುಟ್ಟೇ ಇರಲಿಲ್ಲ.

"ಮಾವನ ಆಣೆ ಇದೆಯಲ್ಲ?"

"ಹೆಣದ ಮೇಲೆ ಅಂದಿದ್ದ. ಈಗ ಹೆಣಾನೂ ಮಣ್ಣಾಗಿದೆ."

"ಅದೂ ಸರಿ ಅನ್ನು," ಎಂದಳು ಹೋರ್ಲೋ, ಮತ್ತು ಹಾಲಿನ ಕೈ ನಿಲುವಂಗಿಗೆ ಒರೆಸಿಕೊಂಡು ಎದ್ದಳು.

ಒಣಹುಲ್ಲಿನ ಬಣ್ಣದ ಒಂದು ಮುದಿ ಕುದುರೆ ಇತ್ತು. ಕುದುರೆಗಳಿಗೆ ಹೆಸರಿಡುವ ರೂಢಿ ಆ ಕಡೆ ಇಲ್ಲ, ಬಣ್ಣವೇ ಹೆಸರು. ಅದರ ಮೇಲೆ ಹೋರ್ಲೋ ತನ್ನ ಜೀನನ್ನೇ ಬಿಗಿದಳು. ಚೋಯ್ಜಿಲ್ ಸೊಸೆಗೆಂದು ಮಾಡಿಕೊಟ್ಟ ಜೀನು ಅದು. "ಎಡಗಡೆಯಿಂದ ಹತ್ತಬೇಕು. ಹತ್ತಿ 'ಚೂ' ಅನ್ನು. ಉಳಿದದ್ದು ಅದಕ್ಕೆ ಗೊತ್ತು, ನೀನು ಅದಕ್ಕೆ ಏನೂ ಕಲಿಸೋಕೆ ಹೋಗಬೇಡ."

ಯಾಂಜ್ಮಾ ಎಡಗಾಲನ್ನು ರಿಕಾಪಿನಲ್ಲಿಟ್ಟಳು. ಅಷ್ಟಕ್ಕೇ ಹೊಳೆಯ ದಂಡೆಯ ಕಲ್ಲುಗಳೆಲ್ಲ ಬೆನ್ನಿಗೆ ತಾಗಿದಂತಾಯಿತು. ಭಯವಾಯಿತು, ಮುಚ್ಚಿಡುವುದೇನಿದೆ, ಅಂಗಾಲು ಬೆವರುವಷ್ಟು ಭಯವಾಯಿತು. ಕಾಲು ತೆಗೆದಳು. ಮತ್ತೆ ಇಟ್ಟಳು. ಮತ್ತೆ ತೆಗೆದಳು. ಕುದುರೆ ತಿರುಗಿ ಅವಳನ್ನು ನೋಡಿ, ಇದೇನು ತನಗೆ ಸಂಬಂಧಿಸಿದ್ದಲ್ಲವೆಂದು ಹುಲ್ಲು ಮೇಯತೊಡಗಿತು.

"ಹತ್ತೋದಾದ್ರೆ ಹತ್ತಕ್ಕ. ಅದಕ್ಕೆ ವಯಸ್ಸಾಗಿದೆ, ಇನ್ನೂ ತಡ ಮಾಡಿದ್ರೆ ಸತ್ತೇ ಹೋಗ್ತದೆ."

ಸಿಟ್ಟಿಗೆ ಹತ್ತಿದಳು. ಮೊದಲ ದಿನ ಎರಡು ಸಲ ಬಿದ್ದಳು, ಎರಡನೇ ದಿನ ಮೂರು ಸಲ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನಲು ಗಂಡಸರಿಗೆ ಮೀಸೆಯಾದರೂ ಇರುತ್ತದೆ. ಇವಳಿಗೆ ಆ ಸವಲತ್ತೂ ಇಲ್ಲದೆ ಮೂಗು ಬಾಯಿ ಎಲ್ಲ ಮಣ್ಣಾಯಿತು. ಪ್ರತಿ ಸಲ ಬಿದ್ದಾಗಲೂ ಮೊದಲು ಬಲಗಾಲು ಬಿಡಿಸಿಕೊಂಡಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದಳು, ಆಮೇಲೆ ಬೈಯುತ್ತಿದ್ದಳು. ನಾಲ್ಕು ವರ್ಷದ ಪುಟ್ಟಿಯೊಂದು ಜೀನಿಲ್ಲದ ಕುದುರೆಯ ಮೇಲೆ ಪಕ್ಕಕ್ಕೆ ಬಂದು, "ಅಜ್ಜಿ, ನೀವು ಯಾಕೆ ಪದೇ ಪದೇ ಇಳೀತೀರಿ?" ಎಂದು ಕೇಳಿತು.

ಕುದುರೆ ನಡೆಯುವಾಗ ಹೇಗೋ ಕೂರಬಹುದು. ಕುಲುಕುತ್ತ ಓಡತೊಡಗಿದರೆ ಜೀನು ಕೆಳಗಿಂದ ಗುದ್ದುತ್ತದೆ, ಸವಾರ ಮೇಲಿಂದ ಗುದ್ದುತ್ತಾನೆ. ನಾಲ್ಕನೆಯ ದಿನಕ್ಕೆ ಯಾಂಜ್ಮಾಳ ತೊಡೆ ಕೆಂಪಾಗಿ, ಕೂರುವ ಜಾಗ ಕೂರದಂತಾಯಿತು. ಮನೆಯಲ್ಲಿ ಉಪ್ಪು ಚಹಾವನ್ನು ನಿಂತೇ ಕುಡಿದಳು.

ಹೋರ್ಲೋ ಅದನ್ನು ನೋಡಿ ಹೊಟ್ಟೆ ಹಿಡಿದು ನಕ್ಕಳು, ಆಮೇಲೆ ಏನೋ ಹೊಳೆದು ಹತ್ತಿರ ಬಂದಳು. "ಅಯ್ಯೋ ಅಕ್ಕ, ನೀನು ಕುದುರೆ ಮೇಲೂ ಕೂತೇ ಇರ್ತೀಯಾ?"

"ಕೂರದೆ ಏನು ಮಾಡ್ಲಿ?"

"ನಿಲ್ಲೋದಲ್ವಾ? ಓಡುವಾಗ ಯಾರು ಕೂರ್ತಾರೆ! ರಿಕಾಪಿನ ಮೇಲೆ ನಿಲ್ತೀವಿ. ನಲವತ್ತು ವರ್ಷ ಗಾಡಿಯಿಂದ ನೋಡಿದೀಯ, ಅಷ್ಟೂ ಗೊತ್ತಾಗ್ಲಿಲ್ವಾ?"

ನೋಡಿದ್ದಳು. ನೋಡುವುದು ಬೇರೆ, ಗೊತ್ತಾಗುವುದು ಬೇರೆ. ಹೋರ್ಲೋ ಕೂಡ ಹೇಳಿರಲಿಲ್ಲ. ಉಗುಳು ನುಂಗುವುದನ್ನು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ?

ಐದನೆಯ ದಿನ ಕುದುರೆ ಕುಲುಕತೊಡಗಿದಾಗ ಯಾಂಜ್ಮಾ ಎದ್ದು ನಿಂತಳು. ಎಡಗಾಲು ನಿಂತಿತು, ಬಲಗಾಲಿಗೆ ರಿಕಾಪು ಎಟುಕಲೇ ಇಲ್ಲ. ತಕ್ಕಡಿಯ ಒಂದು ತಟ್ಟೆ ಇಳಿದ ಹಾಗೆ ಒಂದು ಮಗ್ಗುಲಿಗೆ ವಾಲಿ, ಕುದುರೆಯ ಜೂಲು ಹಿಡಿದು ಉಳಿದುಕೊಂಡಳು. ಇಳಿದು ಬಂದು, ಆ ಜೀನಿನ ಬಲಗಡೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡುತ್ತ ನಿಂತಳು. ಸವಾರಿ ಅವಳಿಗೆ ಹೊಸದು, ಪಟ್ಟಿ ಹೊಸದಲ್ಲವಲ್ಲ. ನಾಲ್ಕು ಬೆರಳು ಅಳೆದು ಒಂದು ಗಂಟು ಹಾಕಿ, ಬಲಗಡೆಯ ರಿಕಾಪನ್ನು ಅಷ್ಟು ಮೇಲಕ್ಕೆ ಎತ್ತಿದಳು. ಮತ್ತೆ ಹತ್ತಿದಳು.

"ಚೂ!"

ಮುದಿ ಕುದುರೆ ಓಡಿತು. ಯಾಂಜ್ಮಾ ಎದ್ದು ನಿಂತಳು. ಎರಡೂ ಪಾದಕ್ಕೆ ಏಕಕಾಲಕ್ಕೆ ನೆಲ ಸಿಕ್ಕಂತಾಯಿತು. ಸೊಂಟ ಹೊರಳಲಿಲ್ಲ, ಭುಜ ಏರುಪೇರಾಗಲಿಲ್ಲ. ನಲವತ್ತೆರಡು ವರ್ಷದಿಂದ ಅವಳ ಕಣ್ಣಿನ ಮುಂದೆ ಹೆಜ್ಜೆ ಹೆಜ್ಜೆಗೂ ಏರಿ ಇಳಿಯುತ್ತಿದ್ದ ಬೆಟ್ಟಗಳು ಅವತ್ತು ಅಲುಗದೆ ನಿಂತಿದ್ದವು. ಕೆಳಗೆ ಕುದುರೆ ಏನು ಕುಲುಕಿದರೂ ಅದು ಮೊಣಕಾಲಿನಲ್ಲೇ ಮುಗಿದುಹೋಗುತ್ತಿತ್ತು, ಮೇಲಕ್ಕೆ ಬರುತ್ತಿರಲಿಲ್ಲ. ಅವಳಿಗೆ ಅಳು ಬಂತು. ಸಂತೋಷಕ್ಕೆ ಬಂದ ಅಳು ಅದು.

ಒಂದು ಸುತ್ತು ಹಾಕಿ ಬಂದಾಗ ಹೋರ್ಲೋ ನಗುತ್ತಿರಲಿಲ್ಲ.

"ಅಕ್ಕ, ನೀನು ಇಷ್ಟು ಎತ್ತರ ಇದ್ದೆಯಾ?"

ಅಷ್ಟಕ್ಕೇ ಮರೆತು ಕೂರುವವಳಲ್ಲ ಯಾಂಜ್ಮಾ. ಅವಳು ಕುದುರೆ ಹತ್ತಿದ್ದು ಗೊಂಚಿಗಜ್ಜನ ಜೀನಿಗಾಗಿ. ಇನ್ನೂ ಹತ್ತು ದಿನ ಹೋರ್ಲೋ ಜೀನಿನ ಮೇಲೆ ಹಳ್ಳ ದಿಬ್ಬ ಎನ್ನದೆ ತಿರುಗಿ, ನಿಲ್ಲುವುದು ಅಭ್ಯಾಸವಾದ ಮೇಲೆ, ಅಜ್ಜ ವಾಪಸು ಕೊಟ್ಟ ಜೀನನ್ನು ಬಿಗಿಸಿದಳು. ಅದರ ಬಲಪಟ್ಟಿಗೂ ಗಂಟು ಹಾಕಿದಳು. ಕುದುರೆ ಓಡಿತು, ಎದ್ದು ನಿಂತಳು, ಧಡಕ್ಕನೆ ಹಿಂದಕ್ಕೆ ಬಿದ್ದಳು. ಹಿಂದಿನ ಕಮಾನು ಬೆನ್ನಮೂಳೆಗೆ ಬಡಿಯಿತು. ಮತ್ತೆ ಎದ್ದಳು, ಮತ್ತೆ ಬಿದ್ದಳು. ಮೂರನೆಯ ಸಲ ಹಲ್ಲು ಕಚ್ಚಿ ನಿಂತು, ಬೀಳುವುದನ್ನೇ ಗಮನಿಸಿದಳು. ಪಾದಗಳು ಮುಂದಿದ್ದವು, ಮೈ ಹಿಂದಿತ್ತು. ಬಿದ್ದಾಗಲೆಲ್ಲ ಅವಳ ಭಾರ ಕುದುರೆಯ ಸೊಂಟದ ಮೇಲೆ ಕುಕ್ಕುತ್ತಿತ್ತು. ಹುಣ್ಣು ಎಲ್ಲಿಂದ ಬಂತೆಂದು ಈಗ ಯಾರೂ ಹೇಳಬೇಕಾಗಿರಲಿಲ್ಲ.

"ತೂತು ಮುಂದಿದೆ!" ಕುದುರೆಯ ಮೇಲಿಂದಲೇ ಕೂಗಿದಳು. "ಹೋರ್ಲೋ, ತೂತು ಮುಂದಿದೆ ಕಣೇ!"

"ಒಂದು ಗೇಣು ಅಂತಿದ್ರಲ್ಲ ಮಾವ?"

"ಗೇಣೇ ಇಟ್ಟಿದೀನಿ!"

ಗುಡಾರದ ಪಡುವಣ ಗೋಡೆಗೆ ಚೋಯ್ಜಿಲನ ಸ್ವಂತ ಜೀನು ತೂಗುಬಿದ್ದಿತ್ತು. ಅವನು ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಯಾಂಜ್ಮಾ ಹಣೆಗೆ ಕೈಯೊತ್ತಿಕೊಂಡು ಅದನ್ನು ಇಳಿಸಿದಳು. ಹೆಬ್ಬೆರಳನ್ನು ಮುಂದಿನ ಕಮಾನಿಗೆ ಒತ್ತಿ, ನಡುಬೆರಳನ್ನು ತೂತಿನ ಕಡೆಗೆ ಚಾಚಿದಳು. ಬೆರಳು ತಲುಪಲಿಲ್ಲ. ಇನ್ನೊಂದಿಷ್ಟು ಎಳೆದಳು. ತಲುಪಲಿಲ್ಲ. ಎರಡು ಬೆರಳಷ್ಟು ಜಾಗ ಉಳಿದಿತ್ತು.

ಅವಳು ಸುಮ್ಮನೆ ತನ್ನ ಕೈ ನೋಡಿಕೊಂಡಳು. ಹೆಂಗಸಿನ ಕೈ, ಚಿಕ್ಕ ಕೈ. ಅಪ್ಪನ ಅಂಗೈ ಎಂದರೆ ಅವಳ ಇಡೀ ಮುಖ ಮುಚ್ಚುವಷ್ಟಿತ್ತು. ಉಳಿ ಹಿಡಿಯಲು ಕಲಿಸಿದ ಮನುಷ್ಯ, ತೊಗಲು ನೆನೆಸಲು ಕಲಿಸಿದ ಮನುಷ್ಯ, ಗೇಣು ಯಾರದೆಂದು ಹೇಳುವುದನ್ನು ಮರೆತಿದ್ದ. ಮರೆತನೋ, ಸವಾರಿ ಮಾಡದವಳಿಗೆ ಹೇಳಿ ಏನು ಪ್ರಯೋಜನವೆಂದು ಬಿಟ್ಟನೋ, ಅದನ್ನು ಈಗ ಕೇಳುವುದು ಯಾರನ್ನು? ನಾಲ್ಕು ಜೀನು ಮಾಡುವಾಗ ಒಂದು ಸಲ ಇದನ್ನು ಇಳಿಸಿ ಅಳೆದಿದ್ದರೆ ಮುಗಿಯುತ್ತಿತ್ತು. ಗೇಣಿನ ಮೇಲೆ ಅನುಮಾನ ಬರಬೇಕಲ್ಲ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವಳು ಇವಳೂ.

"ಯಾರ ಗೇಣು ಅಂತ ಒಂದು ಮಾತು ಹೇಳಬಾರದಿತ್ತಾ ಅಪ್ಪ?" ಎಂದು ಜೀನನ್ನೇ ಬೈದಳು. ಬೈಯುತ್ತಲೇ ನಗು ಬಂತು.

ಮರದ ಹಲಗೆಗೆ ಒಮ್ಮೆ ಕೊರೆದ ತೂತು ಮುಚ್ಚಿ ಪಕ್ಕದಲ್ಲಿ ಇನ್ನೊಂದು ಕೊರೆದರೆ ಹಲಗೆ ನಿಲ್ಲುವುದಿಲ್ಲ. ಅಪ್ಪ ಒಣಗಿಸಿಟ್ಟಿದ್ದ ಭೂರ್ಜ ಒಂದಿಷ್ಟು ಉಳಿದಿತ್ತು. ಹೊಸ ಹಲಗೆ ಕೆತ್ತಿದಳು. ಹನ್ನೆರಡು ದಿನ ಉಳಿಯ ಸದ್ದು ನಿಲ್ಲಲಿಲ್ಲ. ತೂತಿನ ಹೊತ್ತು ಬಂದಾಗ ಅಪ್ಪನ ಜೀನನ್ನು ಮತ್ತೆ ಇಳಿಸಲಿಲ್ಲ. ಹಲಗೆಗಳನ್ನು ಹಗ್ಗದಲ್ಲಿ ಕುದುರೆಗೆ ಬಿಗಿದು, ರಿಕಾಪುಗಳನ್ನೂ ಸದ್ಯಕ್ಕೆ ಹಗ್ಗದಲ್ಲೇ ಇಳಿಬಿಟ್ಟು, ಹಿಂದೆ ಮುಂದೆ ಸರಿಸುತ್ತ ಅವುಗಳ ಮೇಲೆ ನಿಂತು, ಕುದುರೆ ಓಡಿಸಿ, ಮೈ ಎಲ್ಲಿ ನೆಟ್ಟಗೆ ನಿಲ್ಲುತ್ತದೋ ಅಲ್ಲಿ ಇದ್ದಿಲಿನಲ್ಲಿ ಗುರುತು ಹಾಕಿದಳು. ಆಮೇಲೆ ಅಳೆದು ನೋಡಿದರೆ ಅವಳ ಕೈಯಲ್ಲಿ ಒಂದು ಗೇಣು, ಎರಡು ಬೆರಳು. ಕೂದಲೆಳೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಚೋಯ್ಜಿಲ್ ತನ್ನ ಪ್ರತಿ ಜೀನಿನ ಹೊಟ್ಟೆಗೆ ಕಾಸಿದ ಕಬ್ಬಿಣದಿಂದ ಗೊರಸಿನ ಆಕಾರದ ಒಂದು ಮುದ್ರೆ ಒತ್ತುತ್ತಿದ್ದ. ಯಾಂಜ್ಮಾ ತನ್ನ ನಾಲ್ಕು ಜೀನಿಗೂ ಅದನ್ನು ಒತ್ತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಈ ಸಲ ಒತ್ತಿದಳು. ಗೊರಸಿನ ಪಕ್ಕದಲ್ಲಿ ಎರಡು ಚಿಕ್ಕ ಗೆರೆಯನ್ನೂ ಸುಟ್ಟಳು. ಅದು ಏನೆಂದು ಹೋರ್ಲೋ ಕೇಳಿದ್ದಕ್ಕೆ, "ನನ್ನ ಎರಡು ಬೆರಳು," ಎಂದಳು.

"ಗಾಡಿ ಹೂಡಲಾ?"

"ಅದನ್ನ ಸೌದೆಗೆ ಇಟ್ಕೋ."

ಗೊಂಚಿಗಜ್ಜನ ಬೀಡು ಕಣಿವೆಯಾಚೆ, ಅರ್ಧ ದಿನದ ದಾರಿ. ಬೆಳಗಿನ ಚಹಾ ಕುಡಿದು ಹೊರಟವಳು ಒಬ್ಬಳೇ ಹೋದಳು. ಬೆಟ್ಟದ ಕಣಿವೆದಾರಿಯ ತುದಿಯಲ್ಲಿ ದಾರಿಹೋಕರು ಹರಕೆಗೆ ಪೇರಿಸಿದ ಕಲ್ಲುಗುಪ್ಪೆಗೆ ಸುತ್ತು ಬಂದು ಒಂದು ಕಲ್ಲು ಸೇರಿಸಿದಳು. ಎದುರುಗಾಳಿಯಲ್ಲಿ ಹಿಮದ ವಾಸನೆಯಿತ್ತು, ಹಿಮ ಇನ್ನೂ ಬಿದ್ದಿರಲಿಲ್ಲ. ಇಳಿಜಾರು ಮುಗಿದು ಬಯಲು ಬಂದಾಗ ಕುದುರೆಯನ್ನು ಬಿಟ್ಟಳು, ಎದ್ದು ನಿಂತಳು, ಗುಡಾರಗಳು ಹತ್ತಿರವಾಗುವವರೆಗೂ ಕೂರಲಿಲ್ಲ. ನಾಯಿಗಳು ಬೊಗಳುತ್ತ ಓಡಿ ಬಂದವು. ಕುದುರೆಯ ಮೇಲಿಂದ ಹಾಕುವ ಕೂಗನ್ನು ಅವಳು ಜನ್ಮದಲ್ಲಿ ಮೊದಲ ಸಲ ಹಾಕಿದಳು.

"ನಾಯಿ ಹಿಡ್ಕೊಳ್ರೋ!"

ಗೊಂಚಿಗಜ್ಜ ಹೊರಗೇ ನಿಂತಿದ್ದ. ಅವಳಿಗೆ ನಮಸ್ಕಾರ ಹೇಳಲಿಲ್ಲ, ಜೀನಿಗೂ ಹೇಳಲಿಲ್ಲ. ಅವಳು ಇಳಿದದ್ದೇ ತಡ, ಪಟ್ಟಿ ಬಿಚ್ಚಿ ಜೀನು ತೆಗೆದು, ಅಡಿಯ ಉಣ್ಣೆಗಂಬಳಿ ಸರಿಸಿ, ಕುದುರೆಯ ಬೆನ್ನಿನ ಮೇಲೆ ಅಂಗೈ ಆಡಿಸಿದ. ಹೆಗಲಿಂದ ಸೊಂಟದವರೆಗೆ, ಆಮೇಲೆ ಸೊಂಟದಿಂದ ಹೆಗಲವರೆಗೆ. ಬೆವರು ಎಲ್ಲ ಕಡೆಯೂ ಒಂದೇ ಸಮ ಇತ್ತು. ಒಂದು ಕೂದಲೂ ಎದ್ದಿರಲಿಲ್ಲ. ಜೀನನ್ನು ಮಗುಚಿ ಮುದ್ರೆ ನೋಡಿದ. ಕೊನೆಗೆ ಅವನ ಕಣ್ಣು ಬಲಪಟ್ಟಿಯ ಗಂಟಿನ ಮೇಲೆ ನಿಂತಿತು.

"ಇದು?"

"ಅದು ನನ್ನದು ಅಜ್ಜ, ನಿಮಗೆ ಬೇಡ," ಎಂದು ಯಾಂಜ್ಮಾ ಬಗ್ಗಿ ಗಂಟು ಬಿಚ್ಚಿದಳು.

ಮುದುಕ ಬಿಚ್ಚಿದ ಪಟ್ಟಿಯನ್ನು ಬೆರಳಿನಿಂದ ಸವರಿ ನೆಟ್ಟಗೆ ಮಾಡಿದ. 

"ದೂರದಿಂದ ಕುದುರೆ ಗುರುತು ಸಿಕ್ತು," ಎಂದ ಆಮೇಲೆ. "ನಿಮ್ಮ ಮನೆ ಒಣಹುಲ್ಲಿನ ಬಣ್ಣದ್ದು ಅಂದೆ. ಮೇಲಿದ್ದೋರು ಯಾರು ಅಂತ ಗೊತ್ತಾಗ್ಲಿಲ್ಲ. ನಾನು ಕುಂಟೋಳೊಬ್ಬಳನ್ನ ಕಾಯ್ತಿದ್ದೆ."

ಯಾಂಜ್ಮಾ ಕುದುರೆಯ ಬೆನ್ನಿನ ಬೆವರು ಒರೆಸತೊಡಗಿದಳು. 

ಒಳಗೆ ಕರೆದು, ಮೇಲುಗಡೆಯ ಗೌರವದ ಜಾಗದಲ್ಲಿ ಕೂರಿಸಿ, ಕೆನೆ ಕೊಟ್ಟರು, ಮಾಂಸ ಕೊಟ್ಟರು, ಮೂರು ಬಟ್ಟಲು ಹುಳಿಗಳ್ಳು ಕುಡಿಸದೆ ಬಿಡಲಿಲ್ಲ. ಹೊರಡುವಾಗ ಮುದುಕನ ಹೆಂಡತಿ, "ಜೀನು ಇಲ್ಲೇ ಉಳೀತಲ್ಲ ತಾಯಿ, ಗಾಡಿ ಹೂಡಿಸಲಾ?" ಎಂದಳು.

"ಗಾಡಿ ಯಾಕೇ?" ಎಂದು ಗೊಂಚಿಗಜ್ಜ ಗದರಿದ. ಒಳಗಿಂದ ತನ್ನ ಹಳೆಯ ಜೀನು ತಂದು, ತಾನೇ ಕುದುರೆಗೆ ಬಿಗಿದ. ಮೂವತ್ತು ವರ್ಷದ ಹಿಂದೆ ಚೋಯ್ಜಿಲ್ ಮಾಡಿದ್ದು, ಹಿಂದಿನ ಕಮಾನಿಗೆ ಬಿರುಕು ಬಿಟ್ಟದ್ದು. "ಇದರ ಮೇಲೇ ಹೋಗು. ಬಿರುಕು ಸರಿ ಮಾಡಿ ಇಟ್ಟಿರು, ನಾನೇ ಬಂದು ತಗೋತೀನಿ. ಆ ಇನ್ನು ಮೂರು ಜೀನೂ ನಿನ್ನ ಹತ್ರ ವಾಪಸ್ ಬರ್ತವೆ, ನಾನು ಹೇಳ್ತೀನಿ ಅವರಿಗೆ."

ಯಾಂಜ್ಮಾ ಬಲಗಡೆಯ ಪಟ್ಟಿಗೆ ನಾಲ್ಕು ಬೆರಳಿನ ಗಂಟು ಹಾಕಿದಳು. ಯಾರ ಕುದುರೆಯನ್ನೂ ಹಿಡಿಯದ ಮುದುಕ ಎಡಗಡೆ ಬಂದು, ಲಗಾಮು ಹಿಡಿದು, ಅವಳು ಹತ್ತುವವರೆಗೂ ರಿಕಾಪನ್ನು ಅಲುಗದಂತೆ ಒತ್ತಿ ಹಿಡಿದುಕೊಂಡ.

"ನೋಡ್ಕೊಂಡು ಹೋಗು, ಜೀನಗಾರ," ಎಂದ.

ಅಪ್ಪನನ್ನು ಕರೆಯುತ್ತಿದ್ದ ಹೆಸರು ಅದು. ಯಾಂಜ್ಮಾ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಲಿಲ್ಲ. "ಚೂ" ಎಂದಳು, ಎದ್ದು ನಿಂತಳು.